ಅಲಾರಂ ಕೂಗಿದ ಮೇಲೆ ಯಾರು ಬರುತ್ತಾರೆ? ಮನೆಗೆ ಮಾನಿಟರಿಂಗ್ ಇರುವ ಅಲಾರಂ ಆರಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ನಮ್ಮ ಅಪ್ಪ ಅಮ್ಮನ ಮನೆಗೆ ಕಳ್ಳರು ನುಗ್ಗಿದ ರಾತ್ರಿ ಅಲಾರಂ ಕೂಗಿತ್ತು. ಸರಿಯಾಗಿಯೇ ಕೂಗಿತ್ತು. ಅಪ್ಪ ಅಮ್ಮ ಧರ್ಮಸ್ಥಳಕ್ಕೆ ಹೋಗಿದ್ದರು. ಕಳ್ಳರು ತಾರಸಿ ಬಾಗಿಲಿನ ಚಿಲಕ ಕಿತ್ತು ಮೆಟ್ಟಿಲಿಳಿದು ಬಂದಿದ್ದರು. ಸೈರನ್ ಮೂರು ನಿಮಿಷ ಕೂಗಿ ತಾನೇ ನಿಂತಿತು. ಪಕ್ಕದ ಮನೆಯ ಅಕ್ಕನಿಗೆ ಎಚ್ಚರವಾಯಿತು. ಯಾರದೋ ಕಾರಿನ ಸದ್ದಿರಬೇಕು ಅಂದುಕೊಂಡು ಮತ್ತೆ ಮಲಗಿದರು. ಅವರದೇನೂ ತಪ್ಪಿಲ್ಲ. ನಮ್ಮ ಮನೆಯಲ್ಲಿ ಅಲಾರಂ ಇದೆ ಅಂತ ನಾವು ಅವರಿಗೆ ಹೇಳಿಯೇ ಇರಲಿಲ್ಲ.

ಆ ಅಲಾರಂ ಪೆಟ್ಟಿಗೆ ಬೆಂಗಳೂರಲ್ಲಿದ್ದ ನನ್ನ ಫೋನಿಗೆ ಕರೆ ಮಾಡಬೇಕಿತ್ತು. ಮಾಡಲಿಲ್ಲ. ಒಳಗಿದ್ದ ಸಿಮ್‌ನ ರೀಚಾರ್ಜ್ ಹದಿನೈದು ದಿನದ ಹಿಂದೆಯೇ ಮುಗಿದಿತ್ತು. ಮುಂಬಾಗಿಲು ತೆರೆದಿದ್ದನ್ನು ನೋಡಿ ಹಾಲಿನವರು ಬೆಳಿಗ್ಗೆ ಫೋನ್ ಮಾಡಿದರು. ಅಷ್ಟೊತ್ತಿಗೆ ಅಜ್ಜಿ ಕಾಲದ ಬೆಳ್ಳಿ ದೀಪಗಳು, ಅಮ್ಮನ ಎರಡು ಬಳೆ ಹೋಗಿದ್ದವು.

ಆಮೇಲೆ ಈ ವಿಷಯವನ್ನು ನಾನು ಕೂತು ಕಲಿತೆ. ನಮ್ಮ ಮನೆಗೆ ಹೊಸದಾಗಿ ಹಾಕಿಸಿದೆ. ಮೈಸೂರಿನ ಚಿಕ್ಕಮ್ಮನ ಮನೆಗೆ, ಕಲಬುರಗಿಯ ಗೆಳೆಯನ ಮನೆಗೆ ಜೊತೆಗಿದ್ದು ಹಾಕಿಸಿದೆ. ಎಲ್ಲರೂ ಶುರು ಮಾಡುವುದು ಒಂದೇ ಕಡೆಯಿಂದ: "ಯಾವ ಕಂಪನಿದು ಚೆನ್ನಾಗಿದೆ? ಎಷ್ಟು ಸೆನ್ಸರ್ ಬೇಕು?" ನಾನು ಹೇಳುವುದು, ಕೊನೆಯಿಂದ ಶುರು ಮಾಡಿ. ರಾತ್ರಿ ಎರಡು ಗಂಟೆಗೆ ಅಲಾರಂ ಕೂಗಿದರೆ ನಿಮ್ಮ ಮನೆ ಮುಂದೆ ಬಂದು ನಿಲ್ಲುವ ಮನುಷ್ಯ ಯಾರು? ಅವರಿಗೆ ಸುದ್ದಿ ಮುಟ್ಟಿಸುವವರು ಯಾರು? ಇದಕ್ಕೆ ಉತ್ತರ ಸಿಕ್ಕ ಮೇಲೆ ಪೆಟ್ಟಿಗೆ, ಸೆನ್ಸರ್ ಎಲ್ಲವನ್ನೂ ಆರಿಸುವುದು ಸುಲಭ.

ಮೊದಲು ಒಂದು ಮಾತು: ಮಾನಿಟರಿಂಗ್ ಅಂದರೆ ಏನು

ಅಂಗಡಿಯಲ್ಲಿ ಮೂರು ಬೇರೆ ಬೇರೆ ಸಾಮಾನನ್ನು ಒಂದೇ ಹೆಸರಲ್ಲಿ ಮಾರುತ್ತಾರೆ. ಮೊದಲನೆಯದು ಬರೀ ಸೈರನ್. ಎರಡನೆಯದು ಆ್ಯಪ್‌ಗೆ ಸಂದೇಶ ಕಳಿಸುವ ಅಥವಾ ನಿಮಗೆ ಕರೆ ಮಾಡುವ ಅಲಾರಂ. ಇಲ್ಲಿ ಕಾಯುವವರು ನೀವೇ. ನೀವು ನಿದ್ದೆಯಲ್ಲಿದ್ದರೆ, ಸಿನಿಮಾದಲ್ಲಿದ್ದರೆ, ವಿಮಾನದಲ್ಲಿದ್ದರೆ ಕಾಯುವವರು ಯಾರೂ ಇಲ್ಲ. ಮೂರನೆಯದು ಮಾನಿಟರಿಂಗ್ ಇರುವುದು. ನಿಮ್ಮ ಮನೆಯ ಪ್ಯಾನೆಲ್, ಅಂದರೆ ಸೆನ್ಸರ್‌ಗಳೆಲ್ಲ ಸುದ್ದಿ ಕೊಡುವ ಮುಖ್ಯ ಪೆಟ್ಟಿಗೆ, ಒಂದು ಕಂಟ್ರೋಲ್ ರೂಮಿಗೆ ಸಿಗ್ನಲ್ ಕಳಿಸುತ್ತದೆ. ಅಲ್ಲಿ ಹಗಲೂ ರಾತ್ರಿ ಜನ ಕೂತಿರುತ್ತಾರೆ. ಯಾವ ಮನೆ, ಯಾವ ಬಾಗಿಲು ಅಂತ ಅವರ ಪರದೆಯ ಮೇಲೆ ಕಾಣುತ್ತದೆ. ಅವರು ನಿಮಗೆ, ನೀವು ಎತ್ತದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಕರೆ ಮಾಡುತ್ತಾರೆ. ಒಪ್ಪಂದದಲ್ಲಿದ್ದರೆ ಗಾರ್ಡ್ ಕಳಿಸುತ್ತಾರೆ, 112ಕ್ಕೆ ತಿಳಿಸುತ್ತಾರೆ.

ಒಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. "ಪೊಲೀಸ್ ಕನೆಕ್ಷನ್ ಇದೆ" ಅಂದರೆ ಮನೆಯಿಂದ ಠಾಣೆಗೆ ನೇರ ತಂತಿ ಇದೆ ಅಂತ ಅಂದುಕೊಳ್ಳುತ್ತಾರೆ. ನೀವು ಕೊಳ್ಳುವುದು ಖಾಸಗಿ ಕಂಪನಿಯ ಸೇವೆ. ಪೊಲೀಸರಿಗೆ ಸುದ್ದಿ ಹೋಗುವುದು ಒಬ್ಬ ಮನುಷ್ಯ ಫೋನ್ ಎತ್ತಿ ಹೇಳಿದಾಗ. ಹಾಗಾಗಿ ಆ ಮನುಷ್ಯ ಎಷ್ಟು ಬೇಗ, ಎಷ್ಟು ಸ್ಪಷ್ಟವಾಗಿ ಹೇಳುತ್ತಾನೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹೆಜ್ಜೆ 1: ಬರುವವರ ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ನಾಲ್ಕು ಹೆಸರು ಬರೆಯಿರಿ. ಮೊದಲ ಹೆಸರು ನಡೆದು ಬರುವಷ್ಟು ಹತ್ತಿರದವರದು ಇರಲಿ. ಮಗ ಬೆಂಗಳೂರಲ್ಲಿ, ಮಗಳು ಕ್ಯಾಲಿಫೋರ್ನಿಯಾದಲ್ಲಿ ಇದ್ದರೆ ಪ್ರೀತಿಯಿಂದ ಅವರ ನಂಬರನ್ನೇ ಮೊದಲು ಬರೆಸುತ್ತೇವೆ. ಇಲ್ಲಿ ರಾತ್ರಿ ಎರಡಾದಾಗ ಅಲ್ಲಿ ಹಗಲು, ಅವರು ಮೀಟಿಂಗ್‌ನಲ್ಲಿರುತ್ತಾರೆ. ಎತ್ತಿದರೂ ಅವರು ಮಾಡುವುದು ಪಕ್ಕದ ಮನೆಗೆ ಫೋನ್ ಮಾಡುವುದನ್ನೇ ಅಲ್ವಾ? ಆ ಪಕ್ಕದ ಮನೆಯವರೇ ಮೊದಲಿರಲಿ. ದೂರದ ಮಕ್ಕಳ ಹೆಸರು ಕೊನೆಗಿರಲಿ.

ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಮನೆಗೆ ಹೋಗಿ, ಕೂತು ಮಾತಾಡಿ. "ಹೀಗೊಂದು ಕರೆ ಬರಬಹುದು. ಬಂದರೆ ಒಳಗೆ ಹೋಗಬೇಡಿ. ನಿಮ್ಮ ಮನೆ ಕಿಟಕಿಯಿಂದ ನೋಡಿ, ಲೈಟ್ ಹಾಕಿ, ಇನ್ನಿಬ್ಬರನ್ನು ಎಬ್ಬಿಸಿ, 112ಕ್ಕೆ ಹೇಳಿ" ಅನ್ನಿ. ಕಂಟ್ರೋಲ್ ರೂಮಿನ ನಂಬರನ್ನು ಅವರ ಫೋನಿನಲ್ಲಿ ಹೆಸರು ಹಾಕಿ ಸೇವ್ ಮಾಡಿಕೊಡಿ. ಗೊತ್ತಿಲ್ಲದ ನಂಬರ್ ಅಂದರೆ ಸಾಲದವರೋ ಜಾಹೀರಾತಿನವರೋ ಅಂತ ಯಾರೂ ಎತ್ತುವುದಿಲ್ಲ. ರಾತ್ರಿ ಫೋನ್ ಸೈಲೆಂಟ್ ಇಡುವವರಾದರೆ ಆ ಒಂದು ನಂಬರ್ ಮಾತ್ರ ಸದ್ದು ಮಾಡುವಂತೆ ಸೆಟ್ಟಿಂಗ್ ಮಾಡಬಹುದು. ಆ್ಯಂಡ್ರಾಯ್ಡ್, ಐಫೋನ್ ಎರಡರಲ್ಲೂ ಈ ಸೌಲಭ್ಯ ಇದೆ.

112ರ ಬಗ್ಗೆ ಒಂದು ವಿವರ. ಬೇರೆ ರಾಜ್ಯದಲ್ಲಿದ್ದು 112 ಒತ್ತಿದರೆ ಆ ರಾಜ್ಯದ ಕೇಂದ್ರಕ್ಕೆ ಹೋಗುತ್ತದೆ. ವಿದೇಶದಲ್ಲಿ ಒತ್ತಿದರೆ ನಮ್ಮ ಪೊಲೀಸರಿಗೆ ಹೋಗುವುದೇ ಇಲ್ಲ. ಅದಕ್ಕೆ ನಿಮ್ಮ ಠಾಣೆಯ ಫೋನ್ ನಂಬರ್ ಪಟ್ಟಿಯಲ್ಲಿ ಇರಲೇಬೇಕು. ನಂಬರ್ ಕೇಳಲು ಠಾಣೆಗೆ ಹೋದಾಗ ನಿಮ್ಮ ಬೀದಿಯ ಬೀಟ್ ಕಾನ್‌ಸ್ಟೆಬಲ್ ಯಾರು ಅಂತಲೂ ಕೇಳಿ. ಮನೆ ಬೀಗ ಹಾಕಿ ಊರಿಗೆ ಹೋಗುವಾಗ ಅವರಿಗೆ ತಿಳಿಸಿ ಹೋಗಿ. ಇದಕ್ಕೆ ದುಡ್ಡು ಖರ್ಚಾಗುವುದಿಲ್ಲ.

ನಾಲ್ಕು ಹೆಸರು ಸಿಗದಿದ್ದರೆ? ತೋಟದ ನಡುವಿನ ಮನೆ, ಹೊಸ ಬಡಾವಣೆಯ ಒಂಟಿ ಮನೆ ಆದರೆ ಹಾಗಾಗುತ್ತದೆ. ಆಗ ಗಾರ್ಡ್ ಕಳಿಸುವ ಸೇವೆಯೇ ಬೇಕು. ಆ ಕಂಪನಿಯ ಗಾರ್ಡ್ ನಿಮ್ಮ ಕಡೆ ನಿಜವಾಗಿ ಇದ್ದಾನಾ ಅನ್ನುವುದೇ ನಿಮ್ಮ ಮೊದಲ ಪ್ರಶ್ನೆ.

ಹೆಜ್ಜೆ 2: ಕಳ್ಳನ ಕಣ್ಣಿಂದ ಮನೆ ಸುತ್ತಿ

ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಮನೆ ಸುತ್ತ ನಡೆಯಿರಿ. ಕೈಯಲ್ಲಿ ಕಾಗದ, ಪೆನ್ಸಿಲ್ ಇರಲಿ. ಮನೆಯ ನಕ್ಷೆ ಬರೆದು, ಒಳಗೆ ಬರಬಹುದಾದ ಪ್ರತಿ ಜಾಗಕ್ಕೂ ಗುರುತು ಹಾಕಿ.

ಮುಂಬಾಗಿಲ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಮರೆಯುವುದು ಹಿತ್ತಲ ಬಾಗಿಲು ಮತ್ತು ತಾರಸಿ ಬಾಗಿಲು. ನಮ್ಮ ಕಡೆಯ ಮನೆಗಳಲ್ಲಿ ಮುಂಬಾಗಿಲು ತೇಗದ್ದು, ದಪ್ಪನೆಯದು. ಹಿತ್ತಲ ಬಾಗಿಲು ತಗಡಿನದೋ ಪ್ಲೈವುಡ್ಡಿನದೋ ಇರುತ್ತದೆ. ತಾರಸಿ ಬಾಗಿಲಿಗೆ ಒಂದು ಸಣ್ಣ ಚಿಲಕ ಇದ್ದರೆ ಹೆಚ್ಚು. ಪಕ್ಕದ ಮನೆಯ ತಾರಸಿಗೂ ನಿಮ್ಮದಕ್ಕೂ ಎಷ್ಟು ಅಂತರ ಇದೆ ನೋಡಿ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಸಾರುವೆ ಮೇಲಿಂದ ಹತ್ತಿ ದಾಟುವುದು ಸುಲಭ. ಹಂಚಿನ ಮನೆಯಾದರೆ ಬಾಗಿಲನ್ನೇ ಮುಟ್ಟದೆ ಹಂಚು ಸರಿಸಿ ಇಳಿಯಬಹುದು. ಅಂಥ ಮನೆಗೆ ಬಾಗಿಲ ಸೆನ್ಸರ್ ಎಷ್ಟು ಹಾಕಿದರೂ ಸಾಲದು, ಒಳಗಿನ ಓಡಾಟ ಹಿಡಿಯುವ ಸೆನ್ಸರ್ ಬೇಕು.

ಆಮೇಲೆ ಕರೆಂಟಿನ ಮೀಟರ್ ನೋಡಿ. ನಮ್ಮಲ್ಲಿ ಬಹುತೇಕ ಮನೆಗಳ ಮೀಟರ್ ಬೋರ್ಡ್ ಹೊರಗೆ, ಗೇಟಿನ ಹತ್ತಿರವೇ ಇರುತ್ತದೆ. ಮೇನ್ ಸ್ವಿಚ್ ಅಲ್ಲೇ ಇದ್ದರೆ ಯಾರು ಬೇಕಾದರೂ ಆಫ್ ಮಾಡಬಹುದು. ಫೈಬರ್ ಇಂಟರ್ನೆಟ್‌ನ ಕೇಬಲ್ ಕಂಬದಿಂದ ಬರುವುದು ಕೈಗೆ ಸಿಗುವ ಎತ್ತರದಲ್ಲೇ ಇರುತ್ತದೆ. ಈ ಎರಡನ್ನೂ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಹೆಜ್ಜೆ 4ರಲ್ಲಿ ಬೇಕಾಗುತ್ತದೆ.

ಕೊನೆಗೆ ಬೀರು ಎಲ್ಲಿದೆ, ದೇವರ ಕೋಣೆ ಎಲ್ಲಿದೆ ಅಂತ ಗುರುತಿಸಿ. ಯಾವ ಕಡೆಯಿಂದ ಬಂದರೂ ಅಲ್ಲಿಗೆ ಹೋಗಲು ದಾಟಲೇಬೇಕಾದ ಒಂದು ಜಾಗ ಇರುತ್ತದೆ. ಹೆಚ್ಚಾಗಿ ಅದು ನಡುಮನೆ, ಇಲ್ಲವೇ ಮೆಟ್ಟಿಲ ಬುಡ. ಓಡಾಟದ ಸೆನ್ಸರ್‌ಗೆ ಅದೇ ಸರಿಯಾದ ಜಾಗ.

ಹೆಜ್ಜೆ 3: ಅಲಾರಂಗಿಂತ ಮೊದಲು ಚಿಲಕ

ಅಲಾರಂ ಕಳ್ಳನನ್ನು ತಡೆಯುವುದಿಲ್ಲ, ಸುದ್ದಿ ಕೊಡುತ್ತದೆ. ಸುದ್ದಿ ತಲುಪಿ ಜನ ಬರುವ ತನಕ ಬಾಗಿಲು ತಡೆಯಬೇಕು. ತಾರಸಿ ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ, ಹಿತ್ತಲಿಗೆ ಗ್ರಿಲ್ ಗೇಟು ಹಾಕಿಸಿ. ಮುಂಬಾಗಿಲಿಗೆ ಹೊರಗೆ ತೂಗುವ ಬೀಗದ ಬದಲು ಬಾಗಿಲೊಳಗೆ ಕೂರುವ ಲಾಕ್ ಹಾಕಿ. ತೂಗುವ ಬೀಗ ಮನೆಯಲ್ಲಿ ಯಾರೂ ಇಲ್ಲ ಅಂತ ಬೀದಿಗೆಲ್ಲ ಹೇಳುತ್ತದೆ.

ದಿನಾ ತೊಡದ ಚಿನ್ನ ಬ್ಯಾಂಕ್ ಲಾಕರಿನಲ್ಲಿರಲಿ. ಅಮ್ಮ ಇದಕ್ಕೆ ಒಪ್ಪಲು ಆ ಎರಡು ಬಳೆ ಹೋಗಬೇಕಾಯಿತು.

ಹೆಜ್ಜೆ 4: ಸುದ್ದಿ ಹೋಗುವ ದಾರಿ ಗಟ್ಟಿಯಿರಲಿ

ನಮ್ಮ ಮನೆಯಲ್ಲಿ ಸೋತಿದ್ದು ಇದೇ ಜಾಗದಲ್ಲಿ. ಅದಕ್ಕೆ ಇದನ್ನು ನಿಧಾನವಾಗಿ ಹೇಳುತ್ತೇನೆ.

ಪ್ಯಾನೆಲ್‌ನಿಂದ ಕಂಟ್ರೋಲ್ ರೂಮಿಗೆ ಕನಿಷ್ಠ ಎರಡು ದಾರಿ ಇರಲಿ. ಒಂದು ಮನೆಯ ಇಂಟರ್ನೆಟ್, ಇನ್ನೊಂದು ಪ್ಯಾನೆಲ್‌ನೊಳಗಿನ ಸಿಮ್. ವೈಫೈ ಮಾತ್ರ ಇರುವ ಅಲಾರಂ ಬೇಡವೇ ಬೇಡ. ಕರೆಂಟು ಹೋದರೆ ರೂಟರ್ ಹೋಯಿತು. ಕೇಬಲ್ ಕಡಿದರೆ ಎಲ್ಲ ಹೋಯಿತು. ಫೈಬರ್ ಡಬ್ಬಿ, ರೂಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಬಹಳ ಮನೆಗಳಲ್ಲಿ ಇನ್ವರ್ಟರ್ ಇದ್ದರೂ ಅದು ಫ್ಯಾನು, ಲೈಟಿಗೆ ಮಾತ್ರ ಇರುತ್ತದೆ.

ಸಿಮ್ ವಿಷಯದಲ್ಲಿ ಮೂರು ಸಂಗತಿ ಗಮನಿಸಿ. ಮೊದಲನೆಯದು, ಪ್ಯಾನೆಲ್ 4ಜಿ ಮೇಲೆ ಕೆಲಸ ಮಾಡುತ್ತದಾ? ಅಗ್ಗದ ಪ್ಯಾನೆಲ್‌ಗಳಲ್ಲಿ ಇನ್ನೂ 2ಜಿ ಮಾತ್ರ ಇರುತ್ತದೆ. ಜಿಯೋಗೆ 2ಜಿ ಇಲ್ಲವೇ ಇಲ್ಲ, ಹಾಗಾಗಿ ಅಂಥ ಪ್ಯಾನೆಲ್‌ಗೆ ಜಿಯೋ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ. ಎರಡನೆಯದು, ಪ್ಯಾನೆಲ್ ಕೂರುವ ಗೋಡೆಯ ಹತ್ತಿರ ಫೋನ್ ಹಿಡಿದು ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ ನೋಡಿ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಪ್ಯಾನೆಲ್ ಅಡಗಿಸಿಟ್ಟರೆ ಕಳ್ಳನಿಗೆ ಕಾಣುವುದಿಲ್ಲ ನಿಜ, ಆದರೆ ಸಿಗ್ನಲ್ಲೂ ಸಿಗದೆ ಹೋಗಬಹುದು. ಮಲೆನಾಡು, ಕೊಡಗಿನ ತೋಟದ ಮನೆಗಳಿಗೆ ಹೊರಗಿನ ಆಂಟೆನಾ ಬೇಕಾಗಬಹುದು. ಮೂರನೆಯದು ರೀಚಾರ್ಜ್. ಸಾಧ್ಯವಾದರೆ ಕಂಪನಿಯೇ ಸಿಮ್ ಕೊಟ್ಟು, ಅದರ ಖರ್ಚು ವಾರ್ಷಿಕ ಶುಲ್ಕದಲ್ಲೇ ಸೇರಿರಲಿ. ಯಂತ್ರಗಳಿಗೆಂದೇ 13 ಅಂಕಿಯ ನಂಬರಿನ ಸಿಮ್‌ಗಳು ಬರುತ್ತವೆ, ಕಂಪನಿಗಳು ಅದನ್ನು ಬಳಸಬಹುದು. ನಿಮ್ಮದೇ ಸಿಮ್ ಆದರೆ ಒಂದು ವರ್ಷದ ಪ್ಲಾನ್ ಹಾಕಿ. ಮುಗಿಯುವ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ.

ಇಷ್ಟೆಲ್ಲ ಮಾಡಿದರೂ ದಾರಿ ಕಡಿದು ಹೋಗಬಹುದು. ಹೋದರೆ ನಿಮಗೆ ಗೊತ್ತಾಗಬೇಕು. ಒಳ್ಳೆಯ ಪ್ಯಾನೆಲ್ "ನಾನಿದ್ದೇನೆ" ಅಂತ ಕಂಟ್ರೋಲ್ ರೂಮಿಗೆ ಆಗಾಗ ಸಿಗ್ನಲ್ ಕಳಿಸುತ್ತಿರುತ್ತದೆ. ಅದನ್ನು ಟೆಸ್ಟ್ ಸಿಗ್ನಲ್ ಅನ್ನುತ್ತಾರೆ. ಅದು ನಿಂತರೆ ಕಂಟ್ರೋಲ್ ರೂಮಿನವರು ನಿಮಗೆ ಫೋನ್ ಮಾಡಬೇಕು. ಎಷ್ಟು ಹೊತ್ತಿಗೊಮ್ಮೆ ಕಳಿಸುತ್ತದೆ, ನಿಂತರೆ ಎಷ್ಟು ಹೊತ್ತಿನಲ್ಲಿ ಹೇಳುತ್ತೀರಿ ಅಂತ ಕೇಳಿ. ದಿನಕ್ಕೊಮ್ಮೆ ಅಂದರೆ ಕನಿಷ್ಠ. ಕೆಲವು ನಿಮಿಷಕ್ಕೊಮ್ಮೆ ಅಂದರೆ ಚೆನ್ನ. ನಮ್ಮ ಹಳೆಯ ಪೆಟ್ಟಿಗೆಯಲ್ಲಿ ಈ ಒಂದು ಗುಣ ಇದ್ದಿದ್ದರೆ, ಸಿಮ್ ಸತ್ತ ದಿನವೇ ನನಗೆ ತಿಳಿಯುತ್ತಿತ್ತು.

ಬ್ಯಾಟರಿಯ ಲೆಕ್ಕ ಸರಳ. ಸಾಮಾನ್ಯವಾಗಿ ಪ್ಯಾನೆಲ್ ಒಳಗೆ 12 ವೋಲ್ಟ್, 7 ಎಎಚ್ (ಆಂಪ್ ಗಂಟೆ) ಬ್ಯಾಟರಿ ಹಾಕುತ್ತಾರೆ. ಎಲ್ಲ ಸೇರಿ 200 ಮಿಲಿ ಆಂಪ್ ಎಳೆಯುತ್ತದೆ ಅಂದರೆ ಕಾಗದದ ಮೇಲೆ 35 ಗಂಟೆ ಬರುತ್ತದೆ. ಹಳೆಯ ಬ್ಯಾಟರಿಯಾದರೆ ಅದರ ಅರ್ಧವೂ ಬರುವುದು ಕಷ್ಟ. ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಮೇನ್ ಸ್ವಿಚ್ ಹೊರಗಿದ್ದರೆ ಅದರ ಪೆಟ್ಟಿಗೆಗೆ ಬೀಗ ಹಾಕಲು ಬರುತ್ತದಾ ಅಂತ ಎಲೆಕ್ಟ್ರಿಷಿಯನ್‌ನನ್ನು ಕೇಳಿ, ಆದರೆ ಮೀಟರ್ ಓದುವವರಿಗೆ ಅಡ್ಡಿಯಾಗಬಾರದು.

ಹೆಜ್ಜೆ 5: ಸೆನ್ಸರ್ ಆರಿಸುವುದು

ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್. ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ಸಣ್ಣ ಸ್ವಿಚ್. ಎರಡೂ ದೂರವಾದರೆ ಅಲಾರಂ. ಈ ವಿಚಾರ ಬಹಳ ಹಳೆಯದು. ಬಾಗಿಲು ತೆರೆದರೆ ವಿದ್ಯುತ್ ಹರಿದು ಗಂಟೆ ಬಾರಿಸುವ ಸಾಧನಕ್ಕೆ ಅಗಸ್ಟಸ್ ರಸೆಲ್ ಪೋಪ್ ಎಂಬುವರು 1853ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಇಂದಿಗೂ ಇದಕ್ಕಿಂತ ನಂಬಿಕೆಯ ಸೆನ್ಸರ್ ಇಲ್ಲ ಅನ್ನುವುದು ನನ್ನ ಅನಿಸಿಕೆ. ಎರಡು ಎಚ್ಚರಿಕೆ ಮಾತ್ರ. ಕಬ್ಬಿಣದ ಬಾಗಿಲು, ಗ್ರಿಲ್ ಗೇಟಿಗೆ ಮಾಮೂಲಿ ಸೆನ್ಸರ್ ಆಗುವುದಿಲ್ಲ, ಲೋಹದ ಬಾಗಿಲಿಗೆಂದೇ ಇರುವ ದಪ್ಪನೆಯದು ಕೇಳಿ. ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಂತರ ತೀರಾ ಬಿಗಿಯಾಗಿಟ್ಟರೆ ಏಪ್ರಿಲ್‌ನಲ್ಲಿ ಸುಮ್ನೆ ಕೂಗುತ್ತದೆ.

ಓಡಾಟಕ್ಕೆ ಪಿಐಆರ್. ಅಂಗಡಿಯವರು ಮೋಷನ್ ಸೆನ್ಸರ್ ಅನ್ನುತ್ತಾರೆ. ಮನುಷ್ಯನ ಮೈಶಾಖಕ್ಕೂ ಗೋಡೆಯ ಶಾಖಕ್ಕೂ ಇರುವ ವ್ಯತ್ಯಾಸ ಅಲುಗಿದರೆ ಇದು ಗುರುತಿಸುತ್ತದೆ. ಕೋಣೆಯ ಮೂಲೆಯಲ್ಲಿ, ಸುಮಾರು ಏಳು ಅಡಿ ಎತ್ತರದಲ್ಲಿ ಕೂರಿಸುತ್ತಾರೆ. ಇದರ ಎದುರಿಗೇ ನಡೆದು ಬಂದರೆ ತಡವಾಗಿ ಗುರುತಿಸುತ್ತದೆ, ಅಡ್ಡಡ್ಡ ಹಾದರೆ ಬೇಗ ಗುರುತಿಸುತ್ತದೆ. ಹಾಗಾಗಿ ಜನ ಅಡ್ಡ ಹಾಯುವಂತೆ ಮೂಲೆ ಆರಿಸಿ. ಕಿಟಕಿಯ ಬಿಸಿಲು, ಫ್ರಿಜ್ಜಿನ ಹಿಂಬದಿ, ದೇವರ ದೀಪ ಇದರ ಕಣ್ಣಿಗೆ ಬೀಳಬಾರದು.

ನಮ್ಮ ಸೀಮೆಯಲ್ಲಿ ಇದಕ್ಕೆ ಇಬ್ಬರು ಶತ್ರುಗಳು. ಒಂದು, ಹಲ್ಲಿ. ದೂರದ ಹಲ್ಲಿಯಿಂದ ತೊಂದರೆಯಿಲ್ಲ. ಅದು ಸೆನ್ಸರ್ ಮುಖದ ಮೇಲೇ ಹರಿದರೆ ಆನೆ ಹಾದಷ್ಟು ದೊಡ್ಡದಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಹೊಸ ಅಲಾರಂ ಹಾಕಿಸಿದ ಮೊದಲ ತಿಂಗಳಲ್ಲೇ ನಾಲ್ಕು ಸಲ ಹೀಗಾಯಿತು. "ದಿನಾ ಹಿಂಗ ಕೂಗಿದ್ರ ಯಾರ್ ಬರ್ತಾರ" ಅಂದರು ಅಪ್ಪ. ಅವರ ಮಾತು ಸರಿ. ಸುಳ್ಳು ಅಲಾರಂ ಎರಡು ಸಲ ಆದರೆ ಪಕ್ಕದ ಮನೆಯವರು ಮೂರನೇ ಸಲ ಏಳುವುದಿಲ್ಲ. ಸೆನ್ಸರಿನ ತೂತುಗಳಿಗೆಲ್ಲ ಸಿಲಿಕೋನ್ ಹಾಕಿ ಮುಚ್ಚಿಸಿದೆವು, ಟ್ಯೂಬ್‌ಲೈಟಿನಿಂದ ದೂರ ಸರಿಸಿದೆವು. ಹುಳ ಬರುವಲ್ಲಿ ಹಲ್ಲಿ ಬರುತ್ತದೆ.

ಇನ್ನೊಂದು, ಬಿಸಿಲು. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಮೇ ತಿಂಗಳಲ್ಲಿ ಮುಚ್ಚಿದ ಆರ್‌ಸಿಸಿ ಮನೆಯೊಳಗಿನ ಗೋಡೆ ಮನುಷ್ಯನ ಮೈಯಷ್ಟೇ ಬಿಸಿಯಾಗುತ್ತದೆ. ವ್ಯತ್ಯಾಸವೇ ಇಲ್ಲದಿದ್ದರೆ ಸೆನ್ಸರ್ ಗುರುತಿಸುವುದೇನು? ಅದಕ್ಕೆ ಅಲ್ಲಿನವರು ತಾಪಮಾನಕ್ಕೆ ಹೊಂದಿಕೊಳ್ಳುವ ಸೆನ್ಸರ್ ಕೇಳಬೇಕು. ಇಲ್ಲವೇ ಶಾಖದ ಜೊತೆ ಮೈಕ್ರೋವೇವ್ ಕೂಡ ಇರುವ ಡ್ಯುಯಲ್ ಸೆನ್ಸರ್ ಹಾಕಿಸಬೇಕು. ಎರಡೂ ಸೇರಿ ಹೌದು ಅಂದರೆ ಮಾತ್ರ ಕೂಗುವುದರಿಂದ ಡ್ಯುಯಲ್‌ನಲ್ಲಿ ಸುಳ್ಳು ಅಲಾರಂ ಕಡಿಮೆ. ಆದರೆ ಶಾಖದ ಭಾಗ ಕುರುಡಾದರೆ ಅದೂ ಕೂಗುವುದಿಲ್ಲ. ಹಾಗಾಗಿ ಕಲಬುರಗಿಯ ಗೆಳೆಯನ ಮನೆಯಲ್ಲಿ ಬಾಗಿಲ ಸೆನ್ಸರ್‌ಗಳನ್ನು ಜಾಸ್ತಿ ಹಾಕಿಸಿ, ಪಿಐಆರ್ ಅನ್ನು ಬೆಂಬಲಕ್ಕೆ ಮಾತ್ರ ಇಟ್ಟೆವು. ಮೇ ತಿಂಗಳ ಮಧ್ಯಾಹ್ನ ಒಮ್ಮೆ ನಡೆದು ನೋಡಿ ಪರೀಕ್ಷೆ ಮಾಡಿಯೇ ಬಿಟ್ಟೆವು.

ನಾಯಿ, ಬೆಕ್ಕು ಇದ್ದರೆ ಪೆಟ್ ಇಮ್ಯೂನ್ ಎಂಬ ಸೆನ್ಸರ್ ಸಿಗುತ್ತದೆ. ಎಷ್ಟು ಕಿಲೋ ತೂಕದ ತನಕ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತದೆ. ಬೆಕ್ಕು ಸೋಫಾ, ಬೀರು ಹತ್ತುವ ಮನೆಯಾದರೆ ಆ ಲೆಕ್ಕ ತಪ್ಪುತ್ತದೆ. ತಾರಸಿಯಲ್ಲಿ, ಅಂಗಳದಲ್ಲಿ ಹೊರಗಿನ ಸೆನ್ಸರ್ ಹಾಕುವ ಆಸೆ ಬಿಡಿ. ಕೋತಿ, ಬೆಕ್ಕು, ಒಣಹಾಕಿದ ಬಟ್ಟೆ, ಎಲ್ಲಕ್ಕೂ ಕೂಗುತ್ತದೆ.

ಇಷ್ಟರ ಜೊತೆ, ಒತ್ತಿದ ಕೂಡಲೇ ಕಂಟ್ರೋಲ್ ರೂಮಿಗೆ ಸುದ್ದಿ ಹೋಗುವ ಒಂದು ಪ್ಯಾನಿಕ್ ಬಟನ್ ಖಂಡಿತ ಹಾಕಿಸಿ. ವಯಸ್ಸಾದವರ ಮಂಚದ ಪಕ್ಕ ಇರಲಿ. ಹಗಲು ಹೊತ್ತಿನಲ್ಲಿ ನೀರು ಕೇಳುವ ನೆಪದಲ್ಲಿ ಬಂದವರು ಒಳನುಗ್ಗಿದರೆ ಉಪಯೋಗಕ್ಕೆ ಬರುವುದು ಇದೊಂದೇ.

ಹೆಜ್ಜೆ 6: ವೈರಿನದೋ, ವೈರ್‌ಲೆಸ್ಸೋ

ಮನೆ ಕಟ್ಟುತ್ತಿದ್ದರೆ ಕಣ್ಣುಮುಚ್ಚಿ ವೈರ್ ಹಾಕಿಸಿ. ಗೋಡೆಯೊಳಗೆ ಪೈಪ್ ಹಾಕುವಾಗಲೇ ಒಂದು ಪ್ರತ್ಯೇಕ ಪೈಪ್ ಎಳೆಸಿದರಾಯಿತು. ಖರ್ಚು ಕಡಿಮೆ, ಸೆನ್ಸರ್‌ಗೆ ಬ್ಯಾಟರಿ ಬೇಡ. ಕೂರಿಸುವವರಿಗೆ ಒಂದು ಮಾತು ಹೇಳಿ: ಎಂಡ್ ಆಫ್ ಲೈನ್ ರೆಸಿಸ್ಟರ್ (ತಂತಿ ಸರಿಯಿದೆಯಾ ಅಂತ ಪ್ಯಾನೆಲ್‌ಗೆ ತಿಳಿಸುವ ಸಣ್ಣ ಬಿಡಿಭಾಗ) ಸೆನ್ಸರ್ ಕಡೆ ಇರಲಿ, ಪ್ಯಾನೆಲ್ ಒಳಗೆ ಬೇಡ. ಪ್ಯಾನೆಲ್‌ನಲ್ಲೇ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ದಾರಿಯಲ್ಲಿ ಯಾರಾದರೂ ಎರಡು ತಂತಿ ಕೂಡಿಸಿದರೆ ಪ್ಯಾನೆಲ್‌ಗೆ ತಿಳಿಯುವುದಿಲ್ಲ.

ಕಟ್ಟಿ ಮುಗಿದ ಮನೆಗೆ, ಬಾಡಿಗೆ ಮನೆಗೆ ವೈರ್‌ಲೆಸ್ ವಾಸಿ. ಇಲ್ಲಿ ಅಗ್ಗದ ಸೆಟ್‌ಗಳ ಬಗ್ಗೆ ಹುಷಾರು. ಅವುಗಳ ಸೆನ್ಸರ್ ಪ್ಯಾನೆಲ್‌ಗೆ ಹೇಳುತ್ತದೆ ಅಷ್ಟೇ, ಪ್ಯಾನೆಲ್ ತಿರುಗಿ ಕೇಳುವುದಿಲ್ಲ. ಸೆನ್ಸರ್ ಬ್ಯಾಟರಿ ಸತ್ತು ಮೂರು ತಿಂಗಳಾದರೂ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಕಡೆ ಮಾತಾಡುವ, ಸೆನ್ಸರ್ ಬದುಕಿದೆಯಾ ಅಂತ ಪದೇ ಪದೇ ನೋಡುವ, ಬ್ಯಾಟರಿ ಇಳಿದರೆ ಹೇಳುವ, ಯಾರಾದರೂ ರೇಡಿಯೋ ಜಾಮ್ ಮಾಡಿ ಸಿಗ್ನಲ್ ತಡೆದರೆ ಎಚ್ಚರಿಸುವ ಸೆಟ್ ತಗೊಳ್ಳಿ. ಅಲಾರಂಗಳಿಗೆ ಯುರೋಪಿನಲ್ಲಿರುವ ಇಎನ್ 50131 ಮಾನದಂಡದಲ್ಲಿ ನಾಲ್ಕು ಗ್ರೇಡ್‌ಗಳಿವೆ. ಮನೆಗೆ ಗ್ರೇಡ್ 2 ಇದ್ದರೆ ಸಾಕು. ಭಾರತದಲ್ಲಿ ಮಾರುವ ವೈರ್‌ಲೆಸ್ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಇಟಿಎ ಅನುಮತಿ ಬೇಕು. ಅದರ ಪ್ರತಿ ತೋರಿಸಲು ಕೇಳಿ. ತೋರಿಸಲು ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿ.

ಹೆಜ್ಜೆ 7: ಕಂಟ್ರೋಲ್ ರೂಮನ್ನು ಪರೀಕ್ಷಿಸಿ

ಮೂರು ಕಂಪನಿಯವರನ್ನು ಮನೆಗೆ ಕರೆಸಿ. ಮನೆ ನೋಡದೆ ಫೋನಿನಲ್ಲೇ ರೇಟ್ ಹೇಳುವವರು ಬೇಡ. ಸೇಲ್ಸ್‌ನವರು ಕ್ಯಾಮೆರಾ ಚಿತ್ರ ತೋರಿಸಲು ಶುರು ಮಾಡುತ್ತಾರೆ. ನಿಲ್ಲಿಸಿ, ಇವನ್ನು ಕೇಳಿ:

- ಕಂಟ್ರೋಲ್ ರೂಮ್ ನಿಮ್ಮದೇನಾ, ಬೇರೆಯವರದಾ? ಯಾವ ಊರಲ್ಲಿದೆ? ಬಂದು ನೋಡಬಹುದಾ?
- ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ? ಕನ್ನಡ ಮಾತಾಡುವವರು ಇರುತ್ತಾರಾ?
- ಸಿಗ್ನಲ್ ಬಂದು ಎಷ್ಟು ಸೆಕೆಂಡಿನಲ್ಲಿ ಮೊದಲ ಕರೆ ಮಾಡುತ್ತೀರಿ? ಅದನ್ನು ಒಪ್ಪಂದದಲ್ಲಿ ಬರೆದುಕೊಡುತ್ತೀರಾ?
- ಪಟ್ಟಿಯಲ್ಲಿ ಯಾರೂ ಎತ್ತದಿದ್ದರೆ ಮುಂದೇನು ಮಾಡುತ್ತೀರಿ? 112ಕ್ಕೆ ನೀವೇ ಹೇಳುತ್ತೀರಾ?
- ಅಲಾರಂ ನಿಜವೋ ಸುಳ್ಳೋ ಅಂತ ಹೇಗೆ ತಿಳಿಯುತ್ತೀರಿ? ಎರಡು ಸೆನ್ಸರ್ ಒಂದಾದ ಮೇಲೊಂದು ಕೂಗಿದರೆ ಬೇರೆ ರೀತಿ ನೋಡುತ್ತೀರಾ?

ಎರಡನೆಯ ಪ್ರಶ್ನೆ ಸಣ್ಣದು ಅನಿಸಬಹುದು. ನಡುರಾತ್ರಿ ಗಾಬರಿಯಲ್ಲಿ ಎದ್ದ ನಿಮ್ಮ ಅಮ್ಮನಿಗೆ, ಪಕ್ಕದ ಮನೆಯ ಅಜ್ಜನಿಗೆ ಗೊತ್ತಿಲ್ಲದ ಭಾಷೆಯಲ್ಲಿ ಕರೆ ಬಂದರೆ ಅವರು ಇಟ್ಟುಬಿಡುತ್ತಾರೆ. ನಾನು ಒಂದು ಕಂಪನಿಯನ್ನು ಬಿಟ್ಟಿದ್ದು ಇದೇ ಕಾರಣಕ್ಕೆ.

ಗಾರ್ಡ್ ಕಳಿಸುತ್ತೇವೆ ಅಂದರೆ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ, 2005ರ ಅಡಿ ಪರವಾನಗಿ ಇರಬೇಕು. ಪರವಾನಗಿಯಲ್ಲಿ ನಿಮ್ಮ ಜಿಲ್ಲೆ ಸೇರಿದೆಯಾ ನೋಡಿ. ಗಾರ್ಡ್ ಎಲ್ಲಿ ನಿಂತಿರುತ್ತಾನೆ, ಎಷ್ಟು ಮನೆಗೆ ಒಬ್ಬ ಗಾರ್ಡ್, ಅಲ್ಲಿಂದ ನಿಮ್ಮ ಮನೆ ಎಷ್ಟು ದೂರ ಅಂತ ಕೇಳಿ. ಅವನು ಬಂದು ಹೊರಗಿನಿಂದ ನೋಡಿ ಹೇಳಬಹುದು. ಪೊಲೀಸರ ಅಧಿಕಾರ ಅವನಿಗಿಲ್ಲ.

ಕೊನೆಗೆ ಅವರ ಹಳೆಯ ಗಿರಾಕಿ ಒಬ್ಬರ ಮನೆಗೆ ಹೋಗಿ ಮಾತಾಡಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ. "ಕಳೆದ ಸಲ ಕೂಗಿದಾಗ ಎಷ್ಟು ಹೊತ್ತಿಗೆ ಫೋನ್ ಬಂತು?" ಅಂತ ಕೇಳಿ.

ಹೆಜ್ಜೆ 8: ಐದು ವರ್ಷದ ಲೆಕ್ಕ, ಒಪ್ಪಂದದ ಸಾಲುಗಳು

ಮೊದಲ ದಿನದ ಬೆಲೆ ನೋಡಿ ಹೋಲಿಸಬೇಡಿ. ಲೆಕ್ಕ ತಿಳಿಯಲು ಒಂದು ಉದಾಹರಣೆ ಹಾಕೋಣ. ಸಾಮಾನು, ಕೂರಿಸುವ ಕೂಲಿ ಸೇರಿ 30,000 ರೂಪಾಯಿ. ವರ್ಷದ ಶುಲ್ಕ 6,000, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 7,080. ಬ್ಯಾಟರಿ, ರಿಪೇರಿಗೆ ವರ್ಷಕ್ಕೆ 2,000. ಐದು ವರ್ಷಕ್ಕೆ 75,400 ಆಯಿತು. "ಸಾಮಾನು ಉಚಿತ, ಶುಲ್ಕ ಮಾತ್ರ" ಅನ್ನುವವರನ್ನೂ ಇದೇ ತಕ್ಕಡಿಯಲ್ಲಿ ತೂಗಿ.

ಒಪ್ಪಂದದಲ್ಲಿ ನಾಲ್ಕು ಸಾಲು ಹುಡುಕಿ. ಎಷ್ಟು ವರ್ಷ ಬಿಡುವಂತಿಲ್ಲ? ಸಾಮಾನು ಯಾರದು? ಕಂಪನಿ ಬಿಟ್ಟರೆ ಪ್ಯಾನೆಲ್‌ನ ಇನ್‌ಸ್ಟಾಲರ್ ಕೋಡ್, ಅಂದರೆ ಅದರ ಸೆಟ್ಟಿಂಗ್ ಬದಲಾಯಿಸುವ ಕೋಡ್, ಕೊಡುತ್ತಾರಾ? ಕೊಡದಿದ್ದರೆ ನೀವು ದುಡ್ಡು ಕೊಟ್ಟ ಪ್ಯಾನೆಲ್ಲನ್ನೇ ಇನ್ನೊಬ್ಬರು ಬಳಸಲಾಗುವುದಿಲ್ಲ. ನಾಲ್ಕನೆಯದು ಹೊಣೆ. ಕಳುವಾದರೆ ಕಂಪನಿ ಕೊಡುವ ಪರಿಹಾರಕ್ಕೆ ಮಿತಿ ಇರುತ್ತದೆ, ಎಷ್ಟು ಅಂತ ಓದಿ. ಸೇವೆಯಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕಳುವಿನ ನಷ್ಟ ತುಂಬುವುದು ವಿಮೆಯ ಕೆಲಸ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಮುಖ್ಯವಾಗಿ ಬೆಂಕಿ, ಪ್ರವಾಹದಂಥ ಅನಾಹುತಗಳಿಗೆ. ಮಾಮೂಲಿ ಮನೆಗಳ್ಳತನ ಅದರಲ್ಲಿ ಬರುವುದಿಲ್ಲ. ಬರ್ಗ್ಲರಿ ರಕ್ಷಣೆಯನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು.

ಹೆಜ್ಜೆ 9: ಕೂರಿಸುವ ದಿನ

ಕೊನೆಯ ಕಂತು ಕೈಯಲ್ಲೇ ಇಟ್ಟುಕೊಳ್ಳಿ. ಎಲ್ಲ ಪರೀಕ್ಷೆ ಮುಗಿದ ಮೇಲೆ ಕೊಡಿ.

ಕೋಡ್ ಎಲ್ಲರಿಗೂ ಬೇರೆ ಬೇರೆ ಇರಲಿ. ಅಪ್ಪನಿಗೊಂದು, ಅಮ್ಮನಿಗೊಂದು, ಮನೆಗೆಲಸದವರಿಗೆ ಹಗಲು ಮಾತ್ರ ನಡೆಯುವ ಒಂದು. ಕೂರಿಸಿದವರ ಕೋಡ್ ಅವತ್ತೇ ಬದಲಾಗಲಿ. ಡ್ಯೂರೆಸ್ ಕೋಡ್ ಅಂತ ಒಂದಿರುತ್ತದೆ. ಯಾರಾದರೂ ಚಾಕು ತೋರಿಸಿ ಆಫ್ ಮಾಡು ಅಂದರೆ ಆ ಕೋಡ್ ಒತ್ತಬೇಕು. ಅಲಾರಂ ನಿಂತಂತೆ ಕಾಣುತ್ತದೆ, ಒಳಗಿಂದೊಳಗೆ ಕಂಟ್ರೋಲ್ ರೂಮಿಗೆ ಸುದ್ದಿ ಹೋಗುತ್ತದೆ. ಕಂಟ್ರೋಲ್ ರೂಮಿನವರು ಫೋನ್ ಮಾಡಿದಾಗ ಹೇಳುವ ಗುಟ್ಟಿನ ಪದವನ್ನೂ ಕನ್ನಡದಲ್ಲೇ ಇಡಿ. ಮನೆಯವರೆಲ್ಲ ನೆನಪಿಡುವಂಥದ್ದಾಗಿರಲಿ.

ಹೊರಡುವಾಗ ಬಾಗಿಲು ಹಾಕಲು ಒಂದು ನಿಮಿಷ, ಬಂದಾಗ ಕೋಡ್ ಒತ್ತಲು 30 ಸೆಕೆಂಡ್ ಸಾಮಾನ್ಯ. ಮಂಡಿ ನೋವಿನವರಿದ್ದರೆ ಸ್ವಲ್ಪ ಜಾಸ್ತಿ ಇಡಿಸಿ, ಇಲ್ಲವೇ ಕೀಪ್ಯಾಡನ್ನೇ ಬಾಗಿಲ ಹತ್ತಿರ ತನ್ನಿ. ರಾತ್ರಿ ಮನೆಯಲ್ಲಿದ್ದಾಗ ಬಾಗಿಲ ಸೆನ್ಸರ್ ಮಾತ್ರ ಕೆಲಸ ಮಾಡುವ ಸ್ಟೇ ಮೋಡ್ ಇದೆ. ಅಪ್ಪ ಅಮ್ಮನಿಗೆ ಅದನ್ನು ಮೂರು ರಾತ್ರಿ ಜೊತೆಗಿದ್ದು ಅಭ್ಯಾಸ ಮಾಡಿಸಿ. ಒಂದು ದಿನ ಹೇಳಿಕೊಟ್ಟು ಹೊರಟರೆ ವಾರದಲ್ಲಿ ಬಳಸುವುದನ್ನೇ ಬಿಡುತ್ತಾರೆ.

ನಂತರ ಪರೀಕ್ಷೆ. ಪ್ರತಿ ಬಾಗಿಲು ತೆರೆದು ನೋಡಿ. ಕಂಟ್ರೋಲ್ ರೂಮಿನವರು "ಹಿತ್ತಲ ಬಾಗಿಲು" ಅಂತಲೇ ಹೇಳಬೇಕು, "ಝೋನ್ 4" ಅಂದರೆ ಆಗದು. ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಕೂಗಿಸಿ. ರೂಟರ್ ಕಿತ್ತು ಮತ್ತೆ ಕೂಗಿಸಿ. ಎರಡೂ ಆಫ್ ಇದ್ದಾಗ ಸಿಮ್ ದಾರಿಯಲ್ಲಿ ಸುದ್ದಿ ಹೋಯಿತಾ ನೋಡಿ. ಆ ವಾರದಲ್ಲೇ ಒಂದು ರಾತ್ರಿ, ಯಾರಿಗೂ ಹೇಳದೆ, ಮೂರು ಗಂಟೆಗೆ ಒಂದು ಬಾಗಿಲು ತೆರೆಯಿರಿ. ಗಡಿಯಾರ ಹಿಡಿದು ನಿಲ್ಲಿ. ಹಗಲಿನ ಡೆಮೊದಲ್ಲಿ ಎಲ್ಲರೂ ಗೆಲ್ಲುತ್ತಾರೆ. ಕರೆ ಬಂದ ತಕ್ಷಣ ಗುಟ್ಟಿನ ಪದ ಹೇಳಿ, ಇದು ಪರೀಕ್ಷೆ ಅಂತ ತಿಳಿಸಿ, ಇಲ್ಲದಿದ್ದರೆ ಪೊಲೀಸರಿಗೆ ಸುಳ್ಳು ಸುದ್ದಿ ಹೋಗುತ್ತದೆ.

ಹೆಜ್ಜೆ 10: ನಿಜವಾಗಿ ಕೂಗಿದ ರಾತ್ರಿ

ಮನೆಯೊಳಗಿದ್ದರೆ ಕೋಣೆಯ ಬಾಗಿಲು ಹಾಕಿಕೊಂಡು ಪ್ಯಾನಿಕ್ ಬಟನ್ ಒತ್ತಿ, 112ಕ್ಕೆ ಕರೆ ಮಾಡಿ. ಹೊರಗಿನಿಂದ ಬಂದವರು ಬಾಗಿಲು ಮುರಿದದ್ದು ಕಂಡರೆ ಒಳಗೆ ಹೋಗಬೇಡಿ. ಕಳ್ಳ ಇನ್ನೂ ಒಳಗಿರಬಹುದು. ಪೊಲೀಸರು, ಬೆರಳಚ್ಚಿನವರು ಬರುವ ತನಕ ಬೀರು, ಚಿಲಕ ಯಾವುದನ್ನೂ ಮುಟ್ಟಬೇಡಿ. ಬೆಲೆಬಾಳುವ ವಸ್ತುಗಳ ಫೋಟೊ, ಚಿನ್ನ ಕೊಂಡ ಬಿಲ್ ಮೊದಲೇ ತೆಗೆದು ಫೋನಿನ ಹೊರಗೂ ಒಂದು ಕಡೆ ಇಟ್ಟಿದ್ದರೆ ದೂರು ಬರೆಸಲು ಸುಲಭ. ಆ ರಾತ್ರಿಯ ಸಿಗ್ನಲ್‌ಗಳ ಪಟ್ಟಿಯನ್ನು ಕಂಟ್ರೋಲ್ ರೂಮಿನಿಂದ ಕೇಳಿ ಪಡೆಯಿರಿ. ಯಾವ ಬಾಗಿಲು ಎಷ್ಟು ಗಂಟೆಗೆ ತೆರೆಯಿತು ಅನ್ನುವುದು ಅದರಲ್ಲಿ ಸೆಕೆಂಡಿನ ತನಕ ಇರುತ್ತದೆ. ತನಿಖೆಗೆ ಅದು ಬೇಕಾಗುತ್ತದೆ.

ನಮ್ಮ ಮನೆಯ ಪ್ಯಾನೆಲ್ ಬಾಗಿಲ ಒಳಗೆ ಈಗ ಒಂದು ಚೀಟಿ ಅಂಟಿಸಿದೆ. ಸಿಮ್ ಮುಗಿಯುವ ದಿನ, ಬ್ಯಾಟರಿ ಹಾಕಿದ ತಿಂಗಳು, ಕಳೆದ ಪರೀಕ್ಷೆಯ ತಾರೀಖು ಅದರಲ್ಲಿವೆ. ಪ್ರತಿ ತಿಂಗಳ ಒಂದನೇ ತಾರೀಖು, ಕಾಫಿ ಕುಡಿದ ಮೇಲೆ, ಅಪ್ಪ ಕಂಟ್ರೋಲ್ ರೂಮಿಗೆ ಹೇಳಿ ತಾರಸಿ ಬಾಗಿಲು ತೆರೆಯುತ್ತಾರೆ. ಕರೆ ಮೊದಲು ಹೋಗುವುದು ಪಕ್ಕದ ಮನೆಯ ಅಕ್ಕನಿಗೆ. ಅವರು ಕಾಂಪೌಂಡಿನ ಆಚೆಯಿಂದಲೇ ಕೂಗಿ ಹೇಳುತ್ತಾರೆ: "ಬಂತ್ರೀ ಫೋನು!"